ಆರೈಕೆ ಹೆಚ್ಚಾಗಿ ಸೋತ ಮುಖ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಬಂದವರು 24ರ ಯುವತಿ. ಮೊಡವೆಯಿಂದಾಗಿ ಜನರ ನಡುವೆ ಹೋಗುವುದನ್ನೇ ಬಿಟ್ಟಿದ್ದರು. ದಿನಕ್ಕೆ ಆರು ಸಲ ಸೋಪು ಹಚ್ಚಿ ಮುಖ ತೊಳೆಯುತ್ತಿದ್ದರು. ಎರಡು ದಿನಕ್ಕೊಮ್ಮೆ ಸ್ಕ್ರಬ್, ರಾತ್ರಿ ಆಮ್ಲದ ಟೋನರ್ (ಮುಖಕ್ಕೆ ಹಚ್ಚುವ ದ್ರವ), ಅದರ ಮೇಲೆ ರೆಟಿನಾಲ್ (ವಿಟಮಿನ್ ಎ ಬಗೆಯ ಲೇಪನ). ಎಣ್ಣೆ, ಹಾಲು, ಕಾಳು ಎಲ್ಲವನ್ನೂ ಬಿಟ್ಟಿದ್ದರು. "ಇಷ್ಟೆಲ್ಲ ಮಾಡಿದ್ರೂ ಕಮ್ಮಿ ಆಗ್ತಿಲ್ಲ ಮೇಡಂ" ಎಂದರು.

ಬರೀ ನೀರು ತಾಗಿದರೂ ಮುಖ ಉರಿಯುತ್ತದೆಯೇ ಎಂದು ಕೇಳಿದಾಗ ಹೌದೆಂದರು. ಅಲ್ಲೇ ಸುಳಿವು ಸಿಕ್ಕಿತು. ಚರ್ಮದ ಹೊರಪದರದ ಕೋಶಗಳ ನಡುವೆ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲಗಳೆಂಬ ಜಿಡ್ಡಿನ ಅಂಶಗಳು ತುಂಬಿಕೊಂಡಿದ್ದು, ಒಳಗಿನ ತೇವ ಆರದಂತೆ ಕಾಯುತ್ತವೆ. ಆರೋಗ್ಯವಂತ ಚರ್ಮ ತುಸು ಆಮ್ಲೀಯ; ಸಾಮಾನ್ಯ ಸೋಪು ಕ್ಷಾರೀಯ. ಮತ್ತೆ ಮತ್ತೆ ತೊಳೆದು ಉಜ್ಜಿದರೆ ಈ ಜಿಡ್ಡು ಕರಗಿ ಹೋಗುತ್ತದೆ, ಚರ್ಮ ಕೆಂಪೇರುತ್ತದೆ, ಮೊಡವೆಯೂ ಕೆರಳುತ್ತದೆ.

ಮೊದಲ ಮೂರು ವಾರ ಕೊಟ್ಟ ಸಲಹೆ ಇಷ್ಟೇ: ಸ್ಕ್ರಬ್, ಟೋನರ್, ರೆಟಿನಾಲ್ ಮೂರೂ ಬಂದ್. ಬೆಳಿಗ್ಗೆ, ರಾತ್ರಿ ಎರಡೇ ಸಲ ಸೋಪುರಹಿತ ಮೃದು ಕ್ಲೆನ್ಸರ್, ಉಗುರುಬೆಚ್ಚಗಿನ ನೀರು. ಟವೆಲ್ಲಿನಿಂದ ಒತ್ತಿ ಒರೆಸಿ, ಮುಖ ಇನ್ನೂ ತೇವವಾಗಿರುವಾಗಲೇ ಸುವಾಸನೆಯಿಲ್ಲದ ಮಾಯಿಶ್ಚರೈಸರ್. ಹಗಲು ಎಸ್‌ಪಿಎಫ್ (ಬಿಸಿಲಿನಿಂದ ಕಾಯುವ ಪ್ರಮಾಣದ ಅಂಕಿ) 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್. ಮುಖ, ಕುತ್ತಿಗೆಗೆ ಎರಡು ಬೆರಳುಗಳ ಉದ್ದಕ್ಕೂ ಹಿಂಡಿದಷ್ಟು. ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಉರಿ ನಿಂತ ಮೇಲಷ್ಟೇ, ವೈದ್ಯರನ್ನು ಕೇಳಿ, ಒಂದೇ ಒಂದು ಮೊಡವೆ ಔಷಧಿ, ವಾರಕ್ಕೆ ಎರಡು ರಾತ್ರಿ, ಇಡೀ ಮುಖಕ್ಕೆ ಬಟಾಣಿ ಗಾತ್ರದಷ್ಟು. ಫಲ ಕಾಣಲು 8ರಿಂದ 12 ವಾರ ಬೇಕು. ಹತ್ತೇ ದಿನಕ್ಕೆ ಬದಲಿಸುವವರಿಗೆ ಯಾವುದೂ ಹಿಡಿಯುವುದಿಲ್ಲ. ಗರ್ಭಿಣಿಯರು ಮತ್ತು ಗರ್ಭಧಾರಣೆಗೆ ಯೋಚಿಸುತ್ತಿರುವವರು ರೆಟಿನಾಯ್ಡ್ (ರೆಟಿನಾಲ್ ಮತ್ತು ಅದೇ ಬಗೆಯ ಔಷಧಿಗಳು) ಮುಟ್ಟಬಾರದು.

ಊಟದ ವಿಷಯದಲ್ಲಿ ಅವರು ನಿಜಕ್ಕೂ ತಮಗೆ ತಾವೇ ಅನ್ಯಾಯ ಮಾಡಿಕೊಂಡಿದ್ದರು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಬೇಕು. 50 ಕಿಲೋದ ಅವರಿಗೆ 40 ಗ್ರಾಂ. ಕಾಳು, ಬೀಜಗಳನ್ನು ವಾಪಸ್ ತರಲು ಹೇಳಿದೆವು. ಹೊರಪದರದ ಜಿಡ್ಡಿಗೆ ಬೇಕಾದ ಲಿನೋಲೆಯಿಕ್ ಆಮ್ಲವೆಂಬ ಕೊಬ್ಬಿನಾಮ್ಲವನ್ನು ದೇಹ ತಾನೇ ತಯಾರಿಸಲಾರದು, ಹಾಗಾಗಿ ಎಣ್ಣೆಯೂ ಬೇಕು. ಕಡಿಮೆ ಮಾಡಬೇಕಾದದ್ದು ಸಕ್ಕರೆ ಪಾನೀಯ, ಮೈದಾ ತಿನಿಸು. ಇವು ಇನ್ಸುಲಿನ್ ಏರಿಸಿ ಚರ್ಮದ ಎಣ್ಣೆಗ್ರಂಥಿಗಳನ್ನು ಚುರುಕಾಗಿಸುತ್ತವೆ. ಹಾಲಿನ ಮೇಲೆ ಅನುಮಾನವಿದ್ದರೆ ಅದೊಂದನ್ನೇ ಆರು ವಾರ ಬಿಟ್ಟು ನೋಡಬಹುದು. ಲೀಟರ್‌ಗಟ್ಟಲೆ ನೀರು ಕುಡಿದರೆ ಮೊಡವೆ ಹೋಗದು.

ಕನ್ನಡಿಯೆದುರು ನಿಂತು ಮೊಡವೆ ಚಿವುಟುವುದೇ ಕಲೆಗಳಿಗೆ ದೊಡ್ಡ ಕಾರಣವಾಗಿತ್ತು. ಬಚ್ಚಲಿನ ಪ್ರಖರ ದೀಪ ತೆಗೆಸಿ, ಉಗುರು ಕತ್ತರಿಸಿ, ಮೊಡವೆಗೆ ಹೈಡ್ರೋಕೊಲಾಯ್ಡ್ ಪಟ್ಟಿ (ಕೀವು ಹೀರಿಕೊಳ್ಳುವ ಅಂಟುಪಟ್ಟಿ) ಅಂಟಿಸಲು ಹೇಳಿದೆವು. ಚಿವುಟಬೇಕೆನಿಸಿದ ಹೊತ್ತನ್ನೂ ಆಗಿನ ಮನಸ್ಥಿತಿಯನ್ನೂ ಅವರು ಬರೆದಿಟ್ಟರು. ಬಹುಪಾಲು ರಾತ್ರಿ ಹನ್ನೊಂದರ ನಂತರದ್ದೇ. ಮಲಗುವ ಹೊತ್ತನ್ನು ಹತ್ತೂವರೆಗೆ ತಂದೆವು.

ಮೂರನೇ ವಾರಕ್ಕೆ ಉರಿ ನಿಂತಿತು. ಚಿವುಟುವುದು ತಗ್ಗಿದೆ, ನಿಂತಿಲ್ಲ. ಆ ಕುರಿತ ಭೇಟಿಗಳು ಮುಂದುವರಿದಿವೆ. ದವಡೆಯ ಮೇಲಿನ ನೋವಿನ ಗಂಟುಗಳು, ಜೊತೆಗೆ ಮುಟ್ಟಿನ ಏರುಪೇರು ಇದ್ದುದರಿಂದ, ಹಾರ್ಮೋನಿನ ತೊಂದರೆ ಇದೆಯೇ ನೋಡಲು ಚರ್ಮವೈದ್ಯರ ಹಾಗೂ ಸ್ತ್ರೀರೋಗ ತಜ್ಞರ ಬಳಿಗೆ ಕಳುಹಿಸಿದ್ದೇವೆ. ಸ್ಟೀರಾಯ್ಡ್ ಇರುವ ಬಿಳುಪಿನ ಕ್ರೀಮ್ ಯಾರೇ ಕೊಟ್ಟರೂ ಹಚ್ಚಬೇಡಿ ಎಂದು ಚೀಟಿಯ ಮೇಲೇ ಬರೆದುಕೊಟ್ಟಿದ್ದೇವೆ.