ಸಿನಿಮಾದ ಮೇಲೆ ಮಾತು: ದುರ್ಗದ ಮೇಷ್ಟ್ರಿಗೆ ಉತ್ತರ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ದೀರ್ಘ ಪತ್ರ ತಲುಪಿತು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ, ಆದ್ದರಿಂದ ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ಚಿತ್ರದುರ್ಗದ ಈ ನಿವೃತ್ತ ಮೇಷ್ಟ್ರ ಮಗ ಬೆಂಗಳೂರಿನಲ್ಲಿ ಮನೆ ಬದಲಿಸುವಾಗ ಒಂದು ಪೆಟ್ಟಿಗೆ ಡಿವಿಡಿಗಳನ್ನು ತಂದು ಅಪ್ಪನ ಮನೆಯಲ್ಲಿ ಇಟ್ಟುಹೋಗಿದ್ದಾರೆ. ಮೆನುವಿನಲ್ಲಿ ‘ಕಾಮೆಂಟರಿ’ ಅಂತ ಇದ್ದುದನ್ನು ಮೇಷ್ಟ್ರು ಒತ್ತಿದರೆ, ಪಾತ್ರಗಳ ದನಿ ಅಡಗಿ ಮೇಲೆ ಇನ್ಯಾರೋ ಆ ಚಿತ್ರದ ಬಗ್ಗೆಯೇ ಮಾತಾಡತೊಡಗಿದರಂತೆ. ಒಂದು ಡಿಸ್ಕ್‌ನಲ್ಲಿ ನಟರಿಬ್ಬರು ಕೊನೆಯವರೆಗೂ ನಗುತ್ತಲೇ ಇದ್ದರು. ಇನ್ನೊಂದರಲ್ಲಿ ನಿರ್ದೇಶಕರು ಒಬ್ಬೊಬ್ಬರನ್ನೇ ಹೊಗಳಿ ಮುಗಿಸಿದರು. ‘ಇದಕ್ಕೆ ಒಂದು ಸಂಜೆ ಕೊಡುವುದು ದಂಡವಲ್ಲವೇ? ಕೇಳುವಂಥದ್ದು ಯಾವುದಾದರೂ ಇದೆಯೇ? ಕನ್ನಡ ಸಿನಿಮಾಗಳ ಡಿಸ್ಕ್‌ನಲ್ಲಿ ಇದೇಕೆ ಇಲ್ಲ?’ ಎಂದು ಕೇಳಿದ್ದಾರೆ.

ಕೇಳುವಂಥವು ಇವೆ, ಮೇಷ್ಟ್ರೇ. ನಿಮ್ಮ ಕೈಗೆ ಮೊದಲು ಸಿಕ್ಕವು ಜೊಳ್ಳು, ಅಷ್ಟೇ. ಕಾಳು ಯಾವುದು ಅಂತ ಗುರುತಿಸುವುದು ನಿಮಗೆ ಕಷ್ಟವಾಗಬಾರದು, ಗಮಕ ಕೇಳಿ ಬೆಳೆದವರು ಅಂತ ನೀವೇ ಬರೆದಿದ್ದೀರಿ. ಗಮಕಿ ಕುಮಾರವ್ಯಾಸನ ಒಂದು ಷಟ್ಪದಿ ಹಾಡಿ ನಿಲ್ಲಿಸುತ್ತಾರೆ. ವ್ಯಾಖ್ಯಾನಕ್ಕೆ ಕೂತವರು ಅದನ್ನೇ ಗದ್ಯದಲ್ಲಿ ಮತ್ತೊಮ್ಮೆ ಹೇಳಿದರೆ ಸಭೆ ಆಕಳಿಸುತ್ತದೆ. ಆ ಮಾತನ್ನು ಆ ಪಾತ್ರ ಅಲ್ಲೇ ಯಾಕೆ ಆಡಿತು ಅಂತ ತೋರಿಸಿ ಸುಮ್ಮನಾದರೆ, ಮುಂದಿನ ಪದ್ಯಕ್ಕೆ ಕಿವಿ ತಾನಾಗಿ ನೆಟ್ಟಗಾಗುತ್ತದೆ. ಡಿಸ್ಕ್‌ನ ಮಾತನ್ನೂ ಇದೇ ಅಳತೆಯಲ್ಲಿ ಅಳೆಯಿರಿ. ತೆರೆಯ ಮೇಲೆ ಕಾಣುವುದನ್ನೇ ಹೇಳುತ್ತಿದ್ದಾರೋ, ನಾವು ನೋಡಿಯೂ ಕಾಣದ್ದನ್ನು ಕಾಣಿಸುತ್ತಿದ್ದಾರೋ? ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಮೊದಲನೆಯದಾದರೆ ನಿಲ್ಲಿಸಿ ಬೇರೆ ಕೆಲಸ ನೋಡಿ.

ಈ ಪದ್ಧತಿ ಶುರುವಾದದ್ದು 1984ರಲ್ಲಿ. ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 1933ರ ‘ಕಿಂಗ್ ಕಾಂಗ್’ ಚಿತ್ರವನ್ನು ಡಿವಿಡಿಗಿಂತ ಹಿಂದಿನ ಲೇಸರ್ ಡಿಸ್ಕ್‌ನಲ್ಲಿ ತಂದಾಗ, ಡಿಸ್ಕಿನಲ್ಲಿ ಒಂದಕ್ಕಿಂತ ಹೆಚ್ಚು ಧ್ವನಿವಾಹಿನಿಗಳಿದ್ದವು, ಹಳೆಯ ಚಿತ್ರದ ಧ್ವನಿಗೆ ಒಂದೇ ಸಾಕಿತ್ತು. ಉಳಿದದ್ದನ್ನು ಮಾತಿಗೆ ಕೊಟ್ಟರು. ಮಾತಾಡಿದವರು ನಟರೂ ಅಲ್ಲ, ನಿರ್ದೇಶಕರೂ ಅಲ್ಲ. ಲಾಸ್ ಏಂಜಲೀಸ್‌ನ ಕಲಾ ಮ್ಯೂಸಿಯಂನಲ್ಲಿ ಸಿನಿಮಾ ವಿಭಾಗ ನೋಡಿಕೊಳ್ಳುತ್ತಿದ್ದ ರೊನಾಲ್ಡ್ ಹೇವರ್. ಅಂದರೆ ಇದು ಹುಟ್ಟಿದ್ದೇ ಪಾಠವಾಗಿ. ಮಾರಾಟದ ಸರಕಾದದ್ದು ಆಮೇಲೆ, ಡಿವಿಡಿ ಬಂದ ಮೇಲೆ.

ಇವತ್ತಿಗೂ ನನ್ನ ಮೊದಲ ಆಯ್ಕೆ ಪಾಠ ಮಾಡುವವರದೇ. 1941ರ ‘ಸಿಟಿಜನ್ ಕೇನ್’ ಚಿತ್ರದ 2001ರ ಡಿವಿಡಿಯಲ್ಲಿ ಇಬ್ಬರ ಮಾತಿದೆ, ಬೇರೆಬೇರೆಯಾಗಿ. ಒಬ್ಬರು ಪೀಟರ್ ಬೊಗ್ದನೊವಿಚ್, ತಾವೂ ನಿರ್ದೇಶಕರು, ಈ ಚಿತ್ರದ ನಿರ್ದೇಶಕ ಮತ್ತು ನಾಯಕನಟ ಆರ್ಸನ್ ವೆಲ್ಸ್‌ರನ್ನು ಹತ್ತಿರದಿಂದ ಬಲ್ಲವರು. ಇನ್ನೊಬ್ಬರು ವಿಮರ್ಶಕ ರೋಜರ್ ಈಬರ್ಟ್. ನೀವು ಈಬರ್ಟ್ ಅವರದನ್ನು ಕೇಳಿ. ಅವರು ವರ್ಷಗಟ್ಟಲೆ ಸಿನಿಮಾಗಳನ್ನು ಸಭಿಕರ ಮುಂದೆ ಶಾಟ್ ಶಾಟಿಗೂ ನಿಲ್ಲಿಸಿ ಚರ್ಚೆ ಮಾಡಿದವರು.

ಒಂದೇ ಒಂದು ಜಾಗ ಹೇಳುತ್ತೇನೆ. ಚಿತ್ರದ ನಾಯಕ, ಪತ್ರಿಕೆಗಳ ಒಡೆಯ ಕೇನ್ ಅವುಗಳ ಹಿಡಿತ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕುವ ದೃಶ್ಯ. ಮುಂದೆ ಮೇಜು, ಹಿಂದಿನ ಗೋಡೆಯಲ್ಲಿ ಕಿಟಕಿಗಳು. ನಮ್ಮ ನಿಮ್ಮ ಮನೆ ಕಿಟಕಿಗಳಷ್ಟೇ ಅಂತ ಕಣ್ಣು ನಂಬಿ ಸುಮ್ಮನಿರುತ್ತದೆ. ಕೇನ್ ಎದ್ದು ಹಿಂದಕ್ಕೆ ನಡೆಯುತ್ತಾನೆ. ನಡೆಯುತ್ತಾನೆ, ನಡೆಯುತ್ತಲೇ ಹೋಗುತ್ತಾನೆ. ಗೋಡೆ ಮುಟ್ಟುವ ಹೊತ್ತಿಗೆ ನೋಡಿದರೆ ಕಿಟಕಿಯ ಕೆಳಗಿನ ಅಂಚೇ ಅವನ ತಲೆಯ ಮಟ್ಟಕ್ಕಿದೆ! ಅಷ್ಟು ದೊಡ್ಡ ಮನುಷ್ಯ ಆ ಕಿಟಕಿಗಳ ಕೆಳಗೆ ಹುಡುಗನ ಹಾಗೆ ನಿಂತಿರುತ್ತಾನೆ. ಸೋಲಿನ ಬಗ್ಗೆ ಯಾರೂ ಒಂದು ಮಾತು ಆಡಬೇಕಾಗಿಲ್ಲ. ಹತ್ತಿರದ್ದೂ ದೂರದ್ದೂ ಒಂದೇ ಸಮ ಸ್ಪಷ್ಟವಾಗಿ ಕಾಣುವಂತೆ ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಚಿತ್ರಿಸಿದ್ದರಿಂದಲೇ ಈ ಕಣ್ಕಟ್ಟು ಸಾಧ್ಯವಾಯಿತು. ಹಾಗೆಯೇ ಮೇಲೆ ಚಾವಣಿಯತ್ತ ನೋಡಿ. ಕ್ಯಾಮೆರಾ ಕೆಳಗಿಂದ ನೋಡುವುದರಿಂದ ಕೋಣೆಗೆ ಚಾವಣಿ ಬೇಕಾಯಿತು, ಬಟ್ಟೆ ಬಿಗಿದು ಮಾಡಿದರು, ಮೈಕುಗಳು ಆ ಬಟ್ಟೆಯ ಮೇಲಿದ್ದವು. ಇಷ್ಟು ತಿಳಿದ ಮೇಲೆ ಮುಂದಿನ ಸಿನಿಮಾದಲ್ಲಿ ನಿಮ್ಮ ಕಣ್ಣೇ ಚಾವಣಿ ಹುಡುಕುತ್ತದೆ. ಒಳ್ಳೆಯ ಕಾಮೆಂಟರಿಯ ಲಾಭ ಆ ಒಂದು ಚಿತ್ರಕ್ಕೆ ಮುಗಿಯುವುದಿಲ್ಲ.

ಜಪಾನಿನ ಚಿತ್ರಗಳಿಗೆ ಈ ಭಾಗ್ಯ ಹೆಚ್ಚಾಗಿಯೇ ಸಿಕ್ಕಿದೆ. ನಿರ್ದೇಶಕ ಕುರೊಸಾವಾರ ‘ರಶೋಮನ್’ ಚಿತ್ರಕ್ಕೆ ಡೊನಾಲ್ಡ್ ರಿಚಿ ಮಾತಾಡಿದ್ದಾರೆ. ಅಮೆರಿಕದಲ್ಲಿ ಹುಟ್ಟಿ, ಯುದ್ಧ ಮುಗಿದ ಮೇಲೆ ಜಪಾನಿಗೆ ಹೋಗಿ, ಬಾಳಿನ ಬಹುಭಾಗ ಅಲ್ಲೇ ಕಳೆದವರು ಅವರು. ಕುರೊಸಾವಾರನ್ನು ಖುದ್ದಾಗಿ ಬಲ್ಲವರು. ಚಿತ್ರದಲ್ಲಿ ಹೆಬ್ಬಾಗಿಲಿನ ಮೇಲೆ ಸುರಿಯುವ ಮಳೆ ಬೂದು ಆಕಾಶದ ಎದುರು ಕಾಣದೆ ಹೋಗುತ್ತದೆಂದು ನೀರಿಗೆ ಕಪ್ಪು ಶಾಯಿ ಬೆರೆಸಿದ್ದರು. ಕಾಡಿನ ದೃಶ್ಯಗಳಲ್ಲಿ ಎಲೆಗಳ ನಡುವೆ ಬಿಸಿಲು ಬೀಳಿಸಲು ಕನ್ನಡಿ ಹಿಡಿದಿದ್ದರು. ಚಿತ್ರದ ಉದ್ದ 88 ನಿಮಿಷವಷ್ಟೇ. ‘ಸೆವೆನ್ ಸಮುರಾಯ್’ ಆದರೋ 207 ನಿಮಿಷ. ಅಷ್ಟೂ ಹೊತ್ತು ಜಪಾನಿ ಚಿತ್ರಗಳ ತಜ್ಞ ಮೈಕೆಲ್ ಜೆಕ್ ಒಬ್ಬರೇ ದಣಿಯದೆ ಮಾತಾಡುತ್ತಾರೆ. ಕ್ಯಾಮೆರಾ ಎಲ್ಲಿತ್ತು, ಕತ್ತರಿ ಎಲ್ಲಿ ಬಿತ್ತು, ಕೆಸರಿನಲ್ಲಿ ಯಾರು ಯಾವ ಕಡೆ ಓಡಿದರು, ಒಂದನ್ನೂ ಬಿಡುವುದಿಲ್ಲ. ಅದನ್ನು ಒಂದೇ ಸಂಜೆಗೆ ಮುಗಿಸಲು ಹೋಗಬೇಡಿ. ಮೂಕಿ ಕಾಲದಲ್ಲಿ ಜಪಾನಿನ ಚಿತ್ರಮಂದಿರಗಳಲ್ಲಿ ಪರದೆಯ ಪಕ್ಕ ನಿಂತು ಕತೆ ಹೇಳುವ ವೃತ್ತಿಯವರೇ ಇದ್ದರು, ಬೆನ್ಶಿ ಅಂತ. ಕುರೊಸಾವಾರ ಅಣ್ಣ ಬೆನ್ಶಿಯಾಗಿದ್ದವರು. ಆ ನಾಡಿನ ಸಿನಿಮಾಗಳ ಪಕ್ಕದಲ್ಲಿ ಮಾತು ಇಷ್ಟು ಸಹಜವಾಗಿ ಕೂರುವುದನ್ನು ಕೇಳಿದಾಗೆಲ್ಲ ನನಗೆ ಆ ಅಣ್ಣನ ನೆನಪಾಗುತ್ತದೆ.

ಹಾಗಾದರೆ ಸಿನಿಮಾ ಮಾಡಿದವರ ಮಾತಿಗೆ ಬೆಲೆಯಿಲ್ಲವೇ? ಇದೆ, ಅವರು ಭಯವನ್ನೂ ಹೇಳಿಕೊಂಡಾಗ. ‘ದಿ ಗಾಡ್‌ಫಾದರ್’ ಡಿಸ್ಕ್‌ನಲ್ಲಿ ನಿರ್ದೇಶಕ ಕೊಪ್ಪೊಲಾ ಅದನ್ನೇ ಮಾಡುತ್ತಾರೆ. ಸ್ಟುಡಿಯೊದವರಿಗೆ ನಟ ಬ್ರಾಂಡೊ ಬೇಡವಾಗಿತ್ತು, ಅಲ್ ಪಚಿನೊ ಬೇಡವಾಗಿತ್ತು, ಇವತ್ತೋ ನಾಳೆಯೋ ತನ್ನನ್ನು ತೆಗೆದುಹಾಕುತ್ತಾರೆ ಎಂಬ ಹೆದರಿಕೆಯಲ್ಲೇ ಅವರು ಚಿತ್ರ ಮಾಡಿದ್ದು. ಮಗುವಿನ ನಾಮಕರಣದ ನಡುನಡುವೆ ಕೊಲೆಗಳು ಬರುವ ದೃಶ್ಯ ಜಗತ್ಪ್ರಸಿದ್ಧ. ಅದು ಕೂಡಿಬಂದದ್ದು ಸಂಕಲನಕಾರ ಪೀಟರ್ ಝಿನ್ನರ್ ಚರ್ಚಿನ ಆರ್ಗನ್ ವಾದ್ಯವನ್ನು ಅದರಡಿ ಉದ್ದಕ್ಕೂ ಹಾಸಿದ ಮೇಲೆ. ಆ ನಾಮಕರಣದ ಕೂಸು ಕೊಪ್ಪೊಲಾರ ಮಗಳೇ, ಸೋಫಿಯಾ.

ನಟರ ನಗುವಿನ ಬಗ್ಗೆ ನಿಮ್ಮ ದೂರು ನ್ಯಾಯವಾದದ್ದೇ. ಆದರೂ ‘ದಿ ಥಿಂಗ್’ ಡಿಸ್ಕ್ ಸಿಕ್ಕರೆ ಬಿಡಬೇಡಿ. ನಿರ್ದೇಶಕ ಜಾನ್ ಕಾರ್ಪೆಂಟರ್ ಮತ್ತು ನಟ ಕರ್ಟ್ ರಸೆಲ್ ಹಳೆಯ ಗೆಳೆಯರು, ಅವರೂ ನಗುತ್ತಾರೆ, ಆದರೆ ಆ ನಗೆಯೊಳಗೆ ಕೆಲಸದ ಮಾತಿದೆ. ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳ ಉದ್ದದ ಆವೃತ್ತಿಗಳಲ್ಲಿ ನಾಲ್ಕು ನಾಲ್ಕು ಕಾಮೆಂಟರಿಗಳಿವೆ. ಊರು, ಕೋಟೆ, ಕತ್ತಿಗಳನ್ನು ವಿನ್ಯಾಸ ಮಾಡಿದವರದನ್ನು ಮಾತ್ರ ಕೇಳಿದರೂ ಸಾಕು. ಸ್ಪೀಲ್‌ಬರ್ಗ್, ಡೇವಿಡ್ ಲಿಂಚ್‌ರಂಥ ನಿರ್ದೇಶಕರು ಇದರ ಗೊಡವೆಗೇ ಹೋದವರಲ್ಲ, ಅವರ ಡಿಸ್ಕ್‌ಗಳಲ್ಲಿ ಹುಡುಕಬೇಡಿ.

ಎರಡನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ, ಕನ್ನಡದ ಬಗ್ಗೆ ನೀವು ಕೇಳಿದ ಮೂರನೆಯ ಪ್ರಶ್ನೆಗೆ ದಾರಿ ಅವುಗಳ ಮೂಲಕವೇ.

ಒಂದು, 1947ರ ‘ಬ್ಲ್ಯಾಕ್ ನಾರ್ಸಿಸಸ್’. ಹಿಮಾಲಯದ ತಪ್ಪಲಿನ ಕ್ರೈಸ್ತ ಸನ್ಯಾಸಿನಿಯರ ಕತೆ. ಕಣಿವೆ, ಗಂಟೆಗೋಪುರ, ಪ್ರಪಾತ ಎಲ್ಲ ಇದೆ, ಆದರೆ ಭಾರತಕ್ಕೆ ಯಾರೂ ಬಂದಿಲ್ಲ. ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೊದಲ್ಲಿ ಬೆಟ್ಟಗಳನ್ನು ಗಾಜಿನ ಮೇಲೆ ಬರೆದು ಕಟ್ಟಿದ ಲೋಕ ಅದು. ಇದಕ್ಕೆ ಮಾತಾಡಿದವರು ಅದರ ನಿರ್ದೇಶಕ ಮೈಕೆಲ್ ಪೊವೆಲ್, ಅವರ ಚಿತ್ರಗಳನ್ನು ಆರಾಧಿಸಿ ಬೆಳೆದ ನಿರ್ದೇಶಕ ಮಾರ್ಟಿನ್ ಸ್ಕೋರ್ಸೆಸೆ ಜೊತೆಗೆ. ಆಗ ಪೊವೆಲ್‌ಗೆ ಎಂಬತ್ತು ದಾಟಿತ್ತು. 1990ರಲ್ಲಿ ತೀರಿಕೊಂಡರು. ಸ್ವಲ್ಪ ತಡವಾಗಿದ್ದರೂ ಆ ದನಿ ನಮಗೆ ಸಿಗುತ್ತಿರಲಿಲ್ಲ.

ಇನ್ನೊಂದು 1999ರ ‘ದಿ ಲೈಮಿ’. ನಿರ್ದೇಶಕ ಸೋಡರ್‌ಬರ್ಗ್ ಪಕ್ಕದಲ್ಲೇ ಚಿತ್ರಕತೆ ಬರೆದ ಲೆಮ್ ಡಾಬ್ಸ್ ಕೂತು, ನಾನು ಬರೆದದ್ದನ್ನು ನೀನು ಹೀಗೆ ಮಾಡಿಬಿಟ್ಟೆ ಅಂತ ಚಿತ್ರದುದ್ದಕ್ಕೂ ತಕರಾರು ತೆಗೆಯುತ್ತಾರೆ. ಸೋಡರ್‌ಬರ್ಗ್ ಸಮಾಧಾನವಾಗಿ ಉತ್ತರ ಕೊಡುತ್ತಾರೆ. ಬರೆಯುವವನ ನ್ಯಾಯ ಯಾವುದು, ತೆರೆಗೆ ತರುವವನ ನ್ಯಾಯ ಯಾವುದು ಎಂದು ಇದರಷ್ಟು ಚೆನ್ನಾಗಿ ತಿಳಿಸಿಕೊಟ್ಟದ್ದು ನನಗೆ ಇನ್ನೊಂದಿಲ್ಲ.

ಇದನ್ನು ಕೇಳುವ ಯಾವ ದುರ್ಗದವರಿಗೆ ತ.ರಾ.ಸು. ಮತ್ತು ಪುಟ್ಟಣ್ಣ ಕಣಗಾಲ್ ನೆನಪಾಗುವುದಿಲ್ಲ ಹೇಳಿ! ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ 1972ರಲ್ಲಿ ‘ನಾಗರಹಾವು’ ಮಾಡಿದರು. ನಿಮ್ಮೂರಿನ ಕೋಟೆಯಲ್ಲೇ ಚಿತ್ರೀಕರಣ. ನನ್ನ ನಾಗರಹಾವನ್ನು ಕೆರೆಹಾವು ಮಾಡಿಬಿಟ್ಟರು ಅಂತ ತ.ರಾ.ಸು. ನೊಂದುಕೊಂಡರೆಂಬ ಮಾತು ಇವತ್ತಿಗೂ ಓಡಾಡುತ್ತಿದೆ. ಇತ್ತ ಜನ ಚಿತ್ರವನ್ನು ತಲೆಯ ಮೇಲೆ ಹೊತ್ತರು. ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಚಿತ್ರ ಹಾಕಿ, ಮುಂದೆ ಒಂದು ಮೈಕ್ ಇಟ್ಟಿದ್ದರೆ! ರಾಮಾಚಾರಿ ಚಾಮಯ್ಯ ಮೇಷ್ಟ್ರ ಮಾತಿಗೆ ತಲೆಬಾಗುವ ಕಡೆ ಕಾದಂಬರಿಕಾರರು ಏನನ್ನುತ್ತಿದ್ದರು? ಓಬವ್ವನ ಹಾಡನ್ನು ಕತೆಯ ನಡುವೆ ತಂದದ್ದಕ್ಕೆ ಪುಟ್ಟಣ್ಣ ಏನು ಕಾರಣ ಕೊಡುತ್ತಿದ್ದರು? ತ.ರಾ.ಸು. 1984ರಲ್ಲಿ ಹೋದರು, ಪುಟ್ಟಣ್ಣ 1985ರಲ್ಲಿ. ಆಮೇಲೆ ವಿಷ್ಣುವರ್ಧನ್, ಅಶ್ವತ್ಥ್, ಅಂಬರೀಶ್, ಓಬವ್ವನಾಗಿ ಬಂದ ಜಯಂತಿ, ಒಬ್ಬೊಬ್ಬರಾಗಿ ಎಲ್ಲರೂ. 2018ರಲ್ಲಿ ಚಿತ್ರವನ್ನು ಹೊಸ ತಂತ್ರಜ್ಞಾನದಲ್ಲಿ ತೊಳೆದು ಮತ್ತೆ ತೆರೆಗೆ ತಂದರು, ಸಂತೋಷ. ಅದರ ಪಕ್ಕ ಕೂರಬೇಕಾದ ಮಾತು ಮಾತ್ರ ಎಲ್ಲೂ ದಾಖಲಾಗಿಲ್ಲ ಅಂತ ನನಗೆ ಹೊಟ್ಟೆಯುರಿಯುತ್ತದೆ.

ಯಾಕೆ ಆಗಲಿಲ್ಲ ಅಂತ ಕೇಳಿದ್ದೀರಿ. ಒಂದು ಕಾರಣ, ನಮ್ಮಲ್ಲಿ ಮನೆಮನೆಗೆ ಬಂದದ್ದು ವಿಸಿಡಿ. ಅದರಲ್ಲಿ ಎಡ ಬಲ ಸೇರಿ ಒಂದೇ ಧ್ವನಿಪಥ, ಒಂದು ಚಿತ್ರಕ್ಕೆ ಎರಡೋ ಮೂರೋ ಡಿಸ್ಕು. ಇನ್ನೊಂದು ದನಿಗೆ ಜಾಗವೇ ಇರಲಿಲ್ಲ. ಆದರೆ ಡಿವಿಡಿ ಬಂದ ಮೇಲೆ ಈ ನೆಪ ನಡೆಯುವುದಿಲ್ಲ. ಡಿವಿಡಿಯಲ್ಲಿ ಎಂಟು ಧ್ವನಿಪಥಗಳಿಗೆ ಅವಕಾಶವಿದೆ. ಎರಡು ಗಂಟೆಯ ಮಾತು ಹಿಡಿಯುವುದು ಸುಮಾರು 170 ಎಂಬಿ, ಡಿಸ್ಕ್‌ನ ಅಳತೆ 4.7 ಜಿಬಿ. ನಮ್ಮವರು ಆ ಜಾಗಕ್ಕೆ ಇನ್ನೆರಡು ಸಿನಿಮಾ ತುರುಕಿ ‘ಮೂರು ಚಿತ್ರ ಒಂದೇ ಡಿಸ್ಕ್‌ನಲ್ಲಿ’ ಅಂತ ಮಾರಿದರು. ದಾವಣಗೆರೆಯ ಅಂಗಡಿಗಳಲ್ಲಿ ಗಿರಾಕಿ ಕೇಳುತ್ತಿದ್ದದ್ದೂ ಅದನ್ನೇ. ಡಿಸ್ಕ್ ತರುವವರು ನಿರ್ದೇಶಕರನ್ನು ಕರೆದು ಕೂರಿಸುವ ರೂಢಿ ಬೆಳೆಯಲೇ ಇಲ್ಲ.

ಈಗಲೂ ಮಾಡಬಹುದಾದದ್ದಿದೆ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಅದು ಮನೆಗಳಿಗೆ ಬರುವಾಗ, ಡಿಸ್ಕಾಗಲಿ ಮೊಬೈಲಾಗಲಿ, ಅವರ ಮಾತು ಜೊತೆಗೆ ಬರಲೇಬೇಕು. ಸಂಬಂಧಪಟ್ಟವರು ಈ ಪುಟ ಓದಿದರೆ ಇದನ್ನು ನಮ್ಮ ಓದುಗರೆಲ್ಲರ ಬೇಡಿಕೆ ಅಂತಲೇ ತಿಳಿಯಲಿ.

ಇನ್ನು ನಿಮ್ಮ ಪತ್ರದ ಅಂಚಿನಲ್ಲಿ ಅಡ್ಡಡ್ಡ ಬರೆದ ಎರಡು ಸಾಲು. ‘ನಾಗರಹಾವು’ ಶೂಟಿಂಗ್ ನಡೆದಾಗ ನೀವು ಹುಡುಗ, ಗೆಳೆಯರ ಜೊತೆ ಬಂಡೆ ಹತ್ತಿ ಕೂತು ನೋಡಿದ್ದಿರಂತೆ. ಮೇಷ್ಟ್ರೇ, ನಿಮ್ಮ ಕಾಮೆಂಟರಿ ನಮಗೆ ಬೇಕು. ‘ಹಾವಿನ ದ್ವೇಷ’ ಹಾಡಿನಲ್ಲಿ ರಾಮಾಚಾರಿ ನಿಂತ ಬಂಡೆ ಯಾವುದು, ಅಲ್ಲಿಗೆ ಈಗ ಹೋಗಲು ದಾರಿ ಇದೆಯೇ, ತೆರೆಯ ಮೇಲೆ ಅಕ್ಕಪಕ್ಕ ಕಾಣುವ ಎರಡು ಜಾಗಗಳ ನಡುವೆ ಕೋಟೆಯಲ್ಲಿ ನಿಜಕ್ಕೂ ಎಷ್ಟು ನಡಿಗೆ, ಜನ ಎಲ್ಲಿ ಸೇರುತ್ತಿದ್ದರು, ಊಟ ಎಲ್ಲಿಂದ ಬರುತ್ತಿತ್ತು. ಇದನ್ನು ಬೆಂಗಳೂರಿನ ಯಾವ ಪಂಡಿತರೂ ಹೇಳಲಾರರು.

ಮಾಡುವ ಬಗೆ ಸುಲಭ. ಟಿವಿಯ ಧ್ವನಿಯನ್ನು ಹೆಡ್‌ಫೋನಿಗೆ ಹಾಕಿಕೊಂಡು ಸಿನಿಮಾ ನೋಡಿ, ಬೇರೆ ಮೊಬೈಲನ್ನು ಬಾಯಿಯ ಹತ್ತಿರ ಇಟ್ಟು ರೆಕಾರ್ಡ್ ಮಾಡಿ. ಸಿನಿಮಾದ ಸದ್ದು ಅದರಲ್ಲಿ ಸೇರದಿರಲಿ, ಆಗ ಹಕ್ಕಿನ ತಂಟೆ ಬರುವುದಿಲ್ಲ. ಚಿತ್ರದ ಹೆಸರು ತೆರೆಗೆ ಬಂದ ಕ್ಷಣ ‘ಈಗ’ ಅನ್ನಿ, ಕೇಳುವವರು ಅಲ್ಲಿಗೆ ಹೊಂದಿಸಿಕೊಳ್ಳುತ್ತಾರೆ. ಕಾಲು ಗಂಟೆಗೊಮ್ಮೆ ತೆರೆಯಲ್ಲಿ ಏನು ನಡೆಯುತ್ತಿದೆ ಎಂದೂ ಹೇಳಿ, ಯಾಕೆಂದರೆ ಕೆಲವು ಡಿಸ್ಕುಗಳು ಸೆಕೆಂಡಿಗೆ 24ರ ಬದಲು 25 ಚೌಕಟ್ಟು (ಫ್ರೇಮ್) ಓಡುತ್ತವೆ, ಎರಡು ಗಂಟೆಯಲ್ಲಿ ಸುಮಾರು ಐದು ನಿಮಿಷ ಹಿಂದೆಮುಂದಾಗುತ್ತದೆ. ಮಾತಿಲ್ಲದ ಕಡೆ ಸುಮ್ಮನಿರಿ. ಧ್ವನಿ ಕಳಿಸಿದರೆ ಬರಹಕ್ಕಿಳಿಸಿ ಅಚ್ಚು ಹಾಕುವುದು ನಮ್ಮ ಹೊಣೆ.

ಅಷ್ಟರೊಳಗೆ ಪೆಟ್ಟಿಗೆಯಲ್ಲಿ ‘ರಶೋಮನ್’ ಇದೆಯೇ ನೋಡಿ. ಮೊದಲು ಸಿನಿಮಾವನ್ನೇ ಪೂರ್ತಿ ನೋಡಿ, ಮಾತು ಮಾರನೆಯ ದಿನಕ್ಕಿರಲಿ. ರಿಮೋಟಿನ ‘ಆಡಿಯೊ’ ಗುಂಡಿ ಒತ್ತಿ ಕಾಮೆಂಟರಿಗೆ ಹೋಗಿ, ಸಬ್‌ಟೈಟಲ್ ಹಾಗೇ ಇಟ್ಟುಕೊಳ್ಳಿ, ಪಾತ್ರಗಳ ಸಂಭಾಷಣೆ ಕಣ್ಣಿಗೆ ಸಿಗುತ್ತದೆ. ಇಂಗ್ಲಿಷ್ ಓಟ ಜೋರೆನಿಸಿದರೆ ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ, ಅದೇ ಭಾಗವನ್ನು ಇನ್ನೊಮ್ಮೆ ಹಾಕಿ. ಡಿಸ್ಕ್ ಓಡದಿದ್ದರೆ ಕೆಟ್ಟಿದೆ ಅಂತ ಎಸೆಯಬೇಡಿ. ನಮ್ಮ ದೇಶದ ಡಿವಿಡಿ ಪ್ಲೇಯರ್‌ಗಳು ವಲಯ 5ರವು, ಅಮೆರಿಕದ ಡಿಸ್ಕುಗಳು ವಲಯ 1, ಒಂದು ವಲಯದ ಡಿಸ್ಕು ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡುವುದಿಲ್ಲ. ಎಲ್ಲ ವಲಯಗಳನ್ನೂ ಓದುವ ಪ್ಲೇಯರ್ ನಮ್ಮ ಕಚೇರಿಯಲ್ಲಿದೆ, ದಾವಣಗೆರೆ ಕಡೆ ಬಂದಾಗ ತೆಗೆದುಕೊಂಡು ಹೋಗಿ.

— ಸಂ.