ಹಲಗೆ ತೆಗೆಯುವ ದಿನ

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಸೀತಾ ನದಿಯ ದಡದಲ್ಲೇ ಬೆಳೆದವಳು. ಮೀನುಗಳ ವಲಸೆ, ನದಿಗಳ ಪುನಶ್ಚೇತನದ ಬಗ್ಗೆ ಸಂಶೋಧನೆ ಮಾಡುತ್ತೇನೆ ಎನ್ನುತ್ತಾಳೆ. ಇದರಿಂದ ಹೊಟ್ಟೆ ತುಂಬೀತೇ? ನೆಂಟರು ನಗುತ್ತಿದ್ದಾರೆ.
– ಓದುಗರೊಬ್ಬರು, ಹೆಬ್ರಿ

ಉತ್ತರ: ನಗಲಿ ಬಿಡಿ. ನಾನು ಮೀನುಗಾರಿಕೆ ಓದಲು ಸೇರಿದಾಗ ‘ಮೀನು ಹಿಡಿಯಲು ಡಿಗ್ರಿ ಬೇಕೇ’ ಎಂದು ನಮ್ಮ ಅಜ್ಜಿಯೇ ಕೇಳಿದ್ದರು.

ಓದಿಗೆ ದೂರ ಹೋಗಬೇಕಾಗಿಲ್ಲ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ದೇಶದಲ್ಲೇ ಮೊದಲನೆಯದು. ನಾಲ್ಕು ವರ್ಷದ ಮೀನುಗಾರಿಕಾ ವಿಜ್ಞಾನ ಪದವಿ ಬಿ.ಎಫ್‌.ಎಸ್ಸಿ., ಆಮೇಲೆ ಸ್ನಾತಕೋತ್ತರ ಪದವಿ, ಕೇಂದ್ರದ ಸಂಶೋಧನಾ ಸಂಸ್ಥೆ ಸೇರಲು ಕೃಷಿ ಸಂಶೋಧನಾ ಸೇವೆಯ ಪರೀಕ್ಷೆ. ಆದರೆ ನಮ್ಮಲ್ಲಿ ಮೀನುಗಾರಿಕೆ ಎಂದರೆ ಎಲ್ಲರ ಕಣ್ಣೂ ಮಲ್ಪೆ ಬಂದರಿನ ಕಡೆಗೆ. ಹೊಳೆ ಮೀನನ್ನು ಓದುವವರಿಗೆ ಹುದ್ದೆಗಳು ಕಡಿಮೆ, ಕಾಯಬೇಕಾಗುತ್ತದೆ.

ಕೆಲಸದ ರುಚಿಯೇ ಬೇರೆ. ಹಾವುಮೀನನ್ನೇ ನೋಡಿ: ಹುಟ್ಟುವುದು ಸಮುದ್ರದಲ್ಲಿ, ಬೆಳೆಯುವುದು ಹೊಳೆಯಲ್ಲಿ, ಮೊಟ್ಟೆಯಿಡಲು ಮತ್ತೆ ಸಮುದ್ರಕ್ಕೆ. ಈ ಓಡಾಟವೆಲ್ಲ ಅದರ ತಲೆಯೊಳಗಿನ ಕಿವಿಗಲ್ಲಿನಲ್ಲಿ ದಾಖಲಾಗಿರುತ್ತದೆ. ಮರದ ಕಾಂಡದಂತೆ ಅದರಲ್ಲೂ ಉಂಗುರಗಳು. ಉಪ್ಪುನೀರಿನಲ್ಲಿದ್ದಾಗಿನ ಪದರದಲ್ಲಿ ಸ್ಟ್ರಾನ್ಷಿಯಂ ಎಂಬ ಧಾತು ಹೆಚ್ಚು, ಸಿಹಿನೀರಿನದರಲ್ಲಿ ಕಡಿಮೆ. ಅಕ್ಕಿಕಾಳಿನಷ್ಟು ಸಣ್ಣ ಕಲ್ಲನ್ನು ಉಜ್ಜುತ್ತ ಕುಳಿತರೆ ಮಧ್ಯಾಹ್ನದ ಊಟವೂ ಮರೆತುಹೋಗುತ್ತದೆ.

ಇನ್ನು ನದಿಯ ಪುನಶ್ಚೇತನ. ಅಮೆರಿಕದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರೊಳಗೆ ಒಡೆದು ತೆಗೆದರು. ಸಾಲ್ಮನ್ ಮೀನುಗಳು ಮತ್ತೆ ಮೇಲಕ್ಕೆ ಹತ್ತಿದವು. ಅದನ್ನು ಓದಿಕೊಂಡು ಹುರುಪಿನಲ್ಲಿ ಊರಿಗೆ ಬಂದರೆ ಎದುರಿಗೆ ಕಿಂಡಿ ಅಣೆಕಟ್ಟು! ಒಡೆಯಿರಿ ಎಂದು ಯಾವ ಬಾಯಲ್ಲಿ ಹೇಳುವುದು? ತೋಟಕ್ಕೆ ಬೇಸಿಗೆಯ ನೀರು ಅದರದ್ದೇ, ಕೆಳಗಿನ ಊರುಗಳ ಬಾವಿಗೆ ಉಪ್ಪುನೀರು ನುಗ್ಗದಂತೆ ತಡೆಯುವುದೂ ಅದೇ. ಹಾಗಾಗಿ ಇಲ್ಲಿನ ಪ್ರಶ್ನೆ ಗೋಡೆಯದ್ದಲ್ಲ, ಹಲಗೆಯದ್ದು. ಮಳೆಗಾಲ ಕಳೆದ ಮೇಲೆ ಕಿಂಡಿಗೆ ಹಲಗೆ ಹಾಕುತ್ತಾರೆ, ಮುಂಗಾರಿಗೆ ಮುಂಚೆ ತೆಗೆಯುತ್ತಾರೆ. ತೆಗೆಯುವುದು ತಡವಾದರೆ ಮೊದಲ ಮಳೆಯ ಕೆಂಪುನೀರಿಗೆ ಹತ್ತಬೇಕಾದ ಮೀನು ಕೆಳಗೇ ಉಳಿಯುತ್ತದೆ. ಅವಸರದಲ್ಲಿ ಹಾಕಿದರೆ ಇಳಿಯಬೇಕಾದ ಮರಿಗಳು ಮೇಲೆ ಸಿಕ್ಕಿಬೀಳುತ್ತವೆ. ಯಾವ ಹೊಳೆಗೆ ಯಾವ ವಾರ ಸರಿ ಎಂದು ಲೆಕ್ಕ ತೋರಿಸಿ ಹೇಳಬಲ್ಲವರು ಬೇಕು. ನಿಮ್ಮ ಮಗಳಿಗೆ ಇಲ್ಲಿ ಕೈತುಂಬ ಕೆಲಸವಿದೆ.

ಸದ್ಯಕ್ಕೆ ಅವಳಿಗೊಂದು ನೋಟುಪುಸ್ತಕ ಕೊಡಿಸಿ. ಹಲಗೆ ತೆಗೆದ ದಿನ, ಹೊಳೆ ಕೆಂಪಾದ ದಿನ, ತೋಡಿನಲ್ಲಿ ಮೊದಲ ಮೀನು ಕಂಡ ದಿನ – ಇಷ್ಟು ಬರೆದಿಡಲಿ. ಮೀನಿನ ಹೆಸರು ಊರಿನವರು ಕರೆಯುವಂತೆಯೇ ಇರಲಿ. ರಾತ್ರಿ ಒಬ್ಬಳೇ ನೀರಿಗೆ ಇಳಿಯುವುದು ಮಾತ್ರ ಬೇಡ.