ತೋತಾಪುರಿ ಹೂವಿನ ಮುಂದೆ ನಿಂತಲ್ಲೇ ಹಾರುವ ಹುಳ ಯಾವುದು?

ಪ್ರಶ್ನೆ: ಸರ್, ನಮ್ಮದು ಶ್ರೀನಿವಾಸಪುರ ತಾಲ್ಲೂಕು. ತೋತಾಪುರಿ ಮರಗಳೆಲ್ಲ ಹೂ ತುಂಬಿ ನಿಂತಿವೆ. ಬಿಸಿಲೇರಿದರೆ ಹಳದಿ-ಕಪ್ಪು ಪಟ್ಟೆಯ ಸಣ್ಣ ಹುಳಗಳು ಹೂಗೊಂಚಲ ಮುಂದೆ ಗಾಳಿಯಲ್ಲಿ ನಿಂತಲ್ಲೇ ನಿಂತಿರುತ್ತವೆ. ಮಗಳಿಗೆ ಎಲ್ಲಿ ಕಚ್ಚುತ್ತವೋ ಅಂತ ನನಗೆ ಭಯ. ಅಪ್ಪ ಔಷಧಿ ಹೊಡೆಸೋಣ ಅಂತಿದ್ದಾರೆ. ಇವು ಜೇನೋ, ಕಣಜವೋ?

ಉತ್ತರ: ಎರಡೂ ಅಲ್ಲಮ್ಮ, ನೊಣ. ಹೋವರ್‌ಫ್ಲೈ ಅಂತಾರೆ. ಕಣಜದ ಪಟ್ಟೆ ಇದ್ದರೂ ಕೊಂಡಿ ಇಲ್ಲ. ಮಗಳ ಕೈಮೇಲೆ ಕೂತರೆ ಬೆವರು ನೆಕ್ಕಿ ಹೋಗುತ್ತೆ, ಅಷ್ಟೆ.

ಔಷಧಿ ಈಗ ಖಂಡಿತ ಬೇಡ, ಅಪ್ಪನಿಗೆ ಇದನ್ನು ಓದಿ ಹೇಳಿ. ಮಾವಿನ ಹೂವಿಗೆ ಜೇನಿಗಿಂತ ನೊಣಗಳೇ ಹೆಚ್ಚು ಬರುವುದು. ಒಂದೇ ಗೊಂಚಲಲ್ಲಿ ಬರೀ ಗಂಡು ಹೂಗಳೂ ಇರುತ್ತವೆ, ಗಂಡು-ಹೆಣ್ಣು ಕೂಡಿದ ಹೂಗಳೂ ಇರುತ್ತವೆ. ಕಾಯಿ ಕಚ್ಚುವುದು ಕೂಡಿದ ಹೂವಿನಲ್ಲಿ ಮಾತ್ರ. ಅಲ್ಲಿಗೆ ಪರಾಗ ಮುಟ್ಟಿಸುವವು ಇವೇ. ಹೂಗೊಂಚಲ ರಸ ಹೀರುವ ಜಿಗಿಹುಳುವಿಗೆ ಹೊಡೆಯಲೇಬೇಕಿದ್ದರೆ ಗೊಂಚಲು ಹೊರಟು ಹೂ ಬಿರಿಯುವ ಮುಂಚೆಯೇ ಹೊಡೆಯಬೇಕಿತ್ತು. ಅರಳಿದ ಹೂವಿನ ಮೇಲೆ ಹೊಡೆದರೆ ಬರುವ ಫಸಲಿಗೇ ಪೆಟ್ಟು.

ಮಗಳನ್ನು ಕರಕೊಂಡು ಮರದಡಿ ಸುಮ್ಮನೆ ನಿಲ್ಲಿ. ಮುಳಬಾಗಿಲು ಕಡೆಯ ನಮ್ಮ ತೋಟದಲ್ಲಿ ಬಾದಾಮಿ ಮಾವು ಹೂವಾದಾಗ ನಾನು ಮಾಡುವುದೂ ಅದೇ. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಮೀಸೆ ಮೋಟು, ತಲೆ ತುಂಬ ಕಣ್ಣು. ಕಣ್ಣೆರಡೂ ನೆತ್ತಿಯಲ್ಲಿ ಕೂಡಿದ್ದರೆ ಸಾಮಾನ್ಯವಾಗಿ ಗಂಡು, ನಡುವೆ ಸಂದಿದ್ದರೆ ಹೆಣ್ಣು. ಮಕ್ಕಳ ಕಣ್ಣು ಚುರುಕು, ಬೇಗ ಹಿಡಿಯುತ್ತಾರೆ.

ಆಮೇಲೆ ಅವರೆ, ಅಲಸಂದೆ ಸಾಲಿಗೆ ಹೋಗಿ, ಕರಿ ಹೇನು ಮುತ್ತಿದ ಕುಡಿಗಳನ್ನು ಹುಡುಕಿ. ಈ ಜಾತಿಯ ಎಷ್ಟೋ ನೊಣಗಳು ಮೊಟ್ಟೆ ಇಡುವುದು ಅಲ್ಲೇ. ಮರಿಹುಳಕ್ಕೆ ಕಾಲಿಲ್ಲ, ನೋಡುವಂಥ ಕಣ್ಣೂ ಇಲ್ಲ. ತಲೆ ಅತ್ತಿತ್ತ ಆಡಿಸುತ್ತಾ ತಡಕುತ್ತೆ. ಹೇನು ತಗುಲಿದ್ದೇ ಬಾಯಲ್ಲಿ ಕಚ್ಚಿ ಮೇಲಕ್ಕೆತ್ತಿ ರಸ ಹೀರಿ, ಖಾಲಿ ಸಿಪ್ಪೆ ಬಿಸಾಡಿ ಇನ್ನೊಂದಕ್ಕೆ ಕೈ ಹಾಕುತ್ತೆ. ನನಗಂತೂ ಇದಕ್ಕಿಂತ ಚೆಂದದ ನೋಟ ತೋಟದಲ್ಲಿ ಬೇರೆ ಇಲ್ಲ. ಹೇನಿಗೆಂದು ದುಡ್ಡು ಕೊಟ್ಟು ಔಷಧಿ ತರುವ ಮೊದಲು ಆ ಕುಡಿಯಲ್ಲಿ ಮರಿಹುಳ ಇದೆಯಾ ನೋಡಿ. ಇದ್ದರೆ ನಾಲ್ಕು ದಿನ ಬಿಡಿ.

ಕೊಂಬೆ ಮುಟ್ಟುವಾಗ ಎಲೆ ಹೊಲಿದ ಕೆಂಜಿಗದ ಗೂಡಿದೆಯಾ ನೋಡಿಕೊಳ್ಳಿ, ಅದು ಮಾತ್ರ ಕಚ್ಚುತ್ತೆ. ಯುಗಾದಿ ಕಳೆದು ಹೊಂಗೆ ಅರಳಿದಾಗ ತುಡುವೆ, ಕೋಲ್ಜೇನು, ಸೂರಕ್ಕಿ ಎಲ್ಲ ಬರುತ್ತವೆ. ಮಗಳು ಏನೇನು ಕಂಡಳೆಂದು ಆಗ ಬರೆಯಿರಿ.